ಯಾವ ಪೇಪರಿನಲ್ಲಿ ನಾಪಾಸು

ಸುಂದರಬಾಯಿ ಕದ್ದು ಕೇಳುವ ಹೆಂಗಸಲ್ಲ. ಆದರೆ ೧೯೮೬ರ ಆ ಮಧ್ಯಾಹ್ನ ಅಫಜಲಪುರದ ಬಸ್ ನಿಲ್ದಾಣದಲ್ಲಿ ನೆರಳಿದ್ದ ಬೆಂಚು ಒಂದೇ ಇತ್ತು. ಅದರ ಇನ್ನೊಂದು ತುದಿಗೆ ಅಪ್ಪ, ಮಗಳು ಕೂತು ಮಣ್ಣೂರಿನ ಬಸ್ಸಿಗೆ ಕಾಯುತ್ತಿದ್ದರು.

“ನಾಳೆ ಜೇವರ್ಗಿಯವರು ನಿನ್ನ ನೋಡಾಕ ಬಂದಾಗ, ಏನ್ ಓದಿಯವ್ವಾ ಅಂತ ಕೇಳ್ತಾರ. ಏನಂತಿ?”

“ಇಂಗ್ಲಿಷ್ ಎಂ.ಎ. ಪಾಸ್ ಆಗೇನಿ ಅಂತೀನಿ.”

“ನಾಪಾಸ್ ಆಗೇನಿ ಅನ್ನು.”

“ಯಾಕಪ್ಪಾ?”

“ಹುಡುಗ ಹೈಸ್ಕೂಲಿನ್ಯಾಗ ಇಂಗ್ಲಿಷ್ ಮಾಸ್ತರ. ಓದಿದ್ದು ಬರೇ ಬಿ.ಎ. ಹೆಂಡ್ತಿ ಗಂಡಗಿಂತ ಹೆಚ್ಚಿಗಿ ಓದಿದ್ರ ಅವರವ್ವ ಒಪ್ಪಂಗಿಲ್ಲ.”

“ಎಲ್ಲಾದ್ರಾಗೂ ನಾಪಾಸೇನು?”

“ಒಂದ್ ಪೇಪರ್ ಸಾಕು.”

“ಯಾವ್ದು?”

“ನಿನಗ ಸೇರದ್ದು ಯಾವ್ದರೆ ಒಂದು.”

“ನಾಟಕ, ಕವಿತಾ, ಕಾದಂಬರಿ, ಎಲ್ಲಾ ಸೇರ್ಯಾವ.”

ಅಪ್ಪ ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ.

“ಹಂಗಾದ್ರ ಕವಿತಾ ಅನ್ನು. ಅದರಾಗ ನಾಪಾಸಾದ್ರ ಯಾರಿಗೂ ನುಕ್ಸಾನಿಲ್ಲ.”

“ಕವಿತಾದಾಗ ಇಡೀ ಕ್ಲಾಸಿಗೆ ನಾನೇ ಮೊದಲ.”

“ಅದನ್ನ ಯಾರ ಕೇಳ್ಯಾರ?”

ಅಷ್ಟರಲ್ಲಿ ಬಸ್ಸು ಬಂತು. ಅಪ್ಪ ಮಗಳು ಎದ್ದರು. ಸುಂದರಬಾಯಿಗೆ ಇನ್ನು ತಡೆಯಲಾಗಲಿಲ್ಲ.

“ಮಗಳೇನ್ರಿ? ಎಲ್ಲೀತನ ಓದ್ಯಾಳ್ರಿ?”

ಅಪ್ಪ ಮಗಳ ಮುಖ ನೋಡಿದ. ಮಗಳು ಬಸ್ಸಿನ ಬೋರ್ಡು ನೋಡುತ್ತಿದ್ದಳು.

“ಇಂಗ್ಲಿಷ್ ಎಂ.ಎ. ರಿ,” ಎಂದ ಅವನು, ಮಗಳ ಪುಸ್ತಕದ ಚೀಲವನ್ನು ಹೆಗಲಿಗೇರಿಸುತ್ತ. “ಫಸ್ಟ್ ಕ್ಲಾಸ್. ಕವಿತಾದಾಗ ಇಡೀ ಕ್ಲಾಸಿಗೆ ಇಕೀನೇ ಮೊದಲ.”

ಹಾಗೆಂದವನು ಮಗಳಿಗಿಂತ ಮುಂಚೆ ಬಸ್ಸು ಹತ್ತಿಬಿಟ್ಟ.