ಪೂರ್ವಕ್ಕೆ ಬಾಗಿಲಿಟ್ಟ ಹೋಟೆಲು

ಯಾವ ಊರು ಅಂತ ಕೇಳಬೇಡಿ. ಇಂಥ ಸಾಹುಕಾರ ಎಲ್ಲ ಊರಲ್ಲೂ ಸಿಗುತ್ತಾನೆ. ಅವನಿಗೆ ಹೋಟೆಲು ತೆಗೆಯುವ ಹುಚ್ಚು ಹಿಡಿಯಿತು. ಹೆಂಡತಿಗೆ ತವರಿನಿಂದ ಬಂದಿದ್ದ ಎರಡು ಎಕರೆ ಹೊಲ ಮಾರಿಸಿದ. ಅವಳಿಗೆ ತನ್ನದು ಅಂತ ಇದ್ದದ್ದು ಅದೊಂದೇ, ನೋಡಿ. ಜಾಗ ಹಿಡಿದದ್ದು ಕಾಳಿನ ಪೇಟೆಯ ಎದುರಿಗೆ. ಅಲ್ಲಿ ಮುನ್ನೂರು ಹಮಾಲರು ದಿನವೆಲ್ಲ ಚೀಲ ಹೊರುತ್ತಾರೆ.

ಅವಳು ಹೇಳಿದಳು: "ಹೊಲ ಹೋತು, ಹೋಟ್ಲರ ನಡೀಬೇಕಲ್ರಿ? ಉಣ್ಣೋ ಮಂದಿನ್ನ ಒಂದ್ ಮಾತ್ ಕೇಳ್ರಿ."

"ಹಮಾಲರನ್ನ ಕೇಳಿ ನಾ ಹೋಟ್ಲ ಹಾಕಬೇಕೇನು? ಸುಮ್ಕಿರು!"

ಮತ್ತೆ ಯಾರನ್ನು ಕೇಳಿದ? ವಾಸ್ತು ಹೇಳುವವನನ್ನು ಕೇಳಿದ! ಬಾಗಿಲು ಪೂರ್ವಕ್ಕೇ ಇರಬೇಕು ಅಂದನಂತೆ ಅವನು. ಪೇಟೆಯ ಗೇಟು ಇದ್ದದ್ದು ಹೋಟೆಲಿನ ಪಶ್ಚಿಮಕ್ಕೆ. ಪೂರ್ವಕ್ಕೆ ಇದ್ದದ್ದು ಗಟಾರ. ಹಸಿದು ಗೇಟಿನಿಂದ ಹೊರಬಂದವರಿಗೆ ಕಂಡದ್ದು ಹೋಟೆಲಿನ ಹಿಂಗೋಡೆ! ಒಳಗೆ ಏಸಿ, ಸೋಫಾ, ಸಾಹುಕಾರನ ಬಾಯಿಗೆ ಸೇರುವ ಪನೀರು, ನೂಡಲ್ಸು.

ಒಂದು ನರಪಿಳ್ಳೆಯೂ ಬರಲಿಲ್ಲ. ತಡೆಯಲಾರದೆ ಹೆಂಡತಿಯೇ ಗೇಟಿಗೆ ಹೋಗಿ, ಯಾಕೆ ಬರುವುದಿಲ್ಲ ಅಂತ ಒಬ್ಬ ಹಿರಿಯ ಹಮಾಲನನ್ನು ಕೇಳಿದಳು.

"ಅವ್ವಾರ, ಮೈತುಂಬ ಧೂಳ. ಆ ಸೋಫಾದಾಗ ಹೆಂಗ ಕುಂದರೂದ್ರಿ? ಬಿಸಿ ರೊಟ್ಟಿ, ಕೈ ತೊಳಿಲಿಕ್ಕೆ ನೀರು, ಕುಂದ್ರಾಕ ಒಂದ್ ಕಟ್ಟಿ ಇದ್ರ ಸಾಕು ನಮಗ."

ಅವಳು ಬಂದು ಹೇಳಿದರೆ ಗಂಡ ಕಿವಿಗೆ ಹಾಕಿಕೊಂಡನೇ? ಇಲ್ಲ. ಆರು ತಿಂಗಳಿಗೆ ಹೋಟೆಲಿಗೆ ಬೀಗ ಬಿತ್ತು.

ಆವತ್ತು ಊಟಕ್ಕೆ ಕೂತವನು ಗೊಣಗಿದ: "ಈ ಮಂದಿಗೆ ರುಚಿ ಅಂದ್ರ ಏನಂತ ಗೊತ್ತಿಲ್ಲ."

ಬಡಿಸುತ್ತಿದ್ದವಳಿಗೆ ಮೈಯೆಲ್ಲ ಉರಿಯಿತು. ರೊಟ್ಟಿಯ ಬುಟ್ಟಿ ಕೆಳಗಿಟ್ಟು ಕೇಳಿದಳು: "ಮಂದಿ ಸುದ್ದಿ ಬಿಡ್ರಿ. ಇಪ್ಪತ್ತೆರಡು ವರ್ಷ ಮಾಡಿ ಹಾಕೇನಿ. ನನಗ ಉಣ್ಣಾಕ ಏನು ಸೇರತದ, ಹೇಳ್ರಿ ನೋಡೋಣ?"

ಅವನಿಗೆ ಗೊತ್ತಿರಲಿಲ್ಲ.

ನಗುತ್ತೀರಾ? ಗಂಡಸರೇ, ನಗಬೇಡಿ! ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ? ಉಪ್ಪು ಕಡಿಮೆಯಾದರೆ ತಟ್ಟೆ ತಳ್ಳುವುದು ಗೊತ್ತು. ಮಠಕ್ಕೆ ಅಕ್ಕಿ ಕೊಟ್ಟು ಬೋರ್ಡಿನಲ್ಲಿ ಹೆಸರು ಬರೆಸುವುದು ಗೊತ್ತು. ನಿಮಗೆ ಬೇಯಿಸಿ ಹಾಕುವವಳು ಏನನ್ನು ಆಸೆಪಟ್ಟು ತಿನ್ನುತ್ತಾಳೆ, ಕೇಳಿದ್ದೀರಾ? ಒಂದು ದಿನ ಕೇಳಿದ್ದೀರಾ?

ಇವತ್ತು ಮನೆಗೆ ಹೋಗಿ ಕೇಳಿ. ಅವಳು ಹೇಳಿದ್ದನ್ನು ನೀವೇ ಮಾಡಿ. ಸುಟ್ಟರೂ ಸೀದರೂ ನೀವೇ ಮಾಡಿ, ಅವಳನ್ನು ಕೂರಿಸಿ ನೀವೇ ಬಡಿಸಿ. ಅಷ್ಟೂ ಆಗದಿದ್ದರೆ ಇಲ್ಲಿ ಕೂತು ನನ್ನ ಮಾತಿಗೆ ತಲೆಯಾಡಿಸಬೇಡಿ.