ಪದರಣ್ಣನ ಕೊನೇ ಫಿಲ್ಮು

ಆ ದೀಪ ಹಾಗೇ ಇರಲಿ, ಆರಿಸಬೇಡಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ಮನೆಯಲ್ಲೆಲ್ಲ ಅವಳನ್ನ ಅಯಸ್ಕಾಂತಮ್ಮ ಅಂತ ರೇಗಿಸೋದು, ಯಾಕಂದ್ರೆ ಅವಳ ಕೆಲಸವೇ ಅಯಸ್ಕಾಂತದ ಶಕ್ತಿ ಅಳೆಯೋದು. ದೆವ್ವ ಅಂದ್ರೆ ಹೊಟ್ಟೆ ಹಿಡ್ಕೊಂಡು ನಗೋಳು. ಈಗ ನಗಲ್ಲ.

ರಾತ್ರಿ ಹನ್ನೊಂದೂವರೆ. ಎಲ್ಲರೂ ಕೆಲಸ ಮುಗಿಸಿ ಮನೆಗೆ ಹೋಗ್ತಿದ್ರೆ ಇವಳು ಕೆಲಸಕ್ಕೆ ಹೋಗ್ತಿದ್ಲು. ಸಂಶೋಧನಾ ಕೇಂದ್ರದ ಅತಿಥಿಗೃಹದಿಂದ ಯಂತ್ರ ಇರೋ ದೊಡ್ಡ ದುಂಡು ಕಟ್ಟಡಕ್ಕೆ ಹೋಗೋ ದಾರೀಲಿ ಒಂದು ಹಾಳು ಬಾವಿ. ಬಾಯಿಗೆ ತಗಡು ಮುಚ್ಚಿದ್ದಾರೆ. ಹಗಲು ಕಾದ ತಗಡು ರಾತ್ರಿ ತಣಿಯುವಾಗ ಟಿಣ್... ಟಿಣ್... ಅನ್ನುತ್ತೆ. ಅಲ್ಲಿಗೆ ಬರೋ ಹೊತ್ತಿಗೆ ಫೋನು ಬಂತು. ಅತ್ತಿಗೆ.

ಸ್ವಂತ ಅತ್ತಿಗೆ ಅಲ್ಲ, ಇವಳಿಗೆ ಕೆಲಸ ಕಲಿಸಿದವರ ಹೆಂಡತಿ. ಆ ಕಲಿಸಿದವರನ್ನ ಎಲ್ಲರೂ ಪದರಣ್ಣ ಅಂತಿದ್ರು. ಲೋಹದ ಮೇಲೆ ಲೋಹ, ಒಂದೊಂದು ಪದರವೂ ಕೆಲವೇ ಪರಮಾಣುಗಳಷ್ಟು ತೆಳ್ಳಗೆ... ಹಾಗೆ ಫಿಲ್ಮು ಮಾಡೋದ್ರಲ್ಲಿ ಎತ್ತಿದ ಕೈ. ಕಬ್ಬಿಣದ ಎರಡು ಪದರ, ಮಧ್ಯೆ ಅಯಸ್ಕಾಂತಕ್ಕೆ ಸೊಪ್ಪೇ ಹಾಕದ ಇನ್ನೊಂದು ಲೋಹ. ಕಬ್ಬಿಣದ ಸಹವಾಸಕ್ಕೆ ಬಿದ್ದು ಅದೂ ಅಯಸ್ಕಾಂತ ಆಗುತ್ತೆ, ನಾನು ಅಳೆದಿದ್ದೀನಿ ಅಂತ ಪದರಣ್ಣ ಬರೆದು ಪ್ರಕಟಿಸಿದ್ರು. ಬೇರೆಯವರು ಬೇರೆ ಕಡೆ ಅಳೆದ್ರೆ ಬರಲಿಲ್ಲ. ಅಂಕಿ ತಿದ್ದಿದ್ದಾರೆ ಅಂತ ಗುಸುಗುಸು ಎದ್ದಿತು. ಅದರ ನಡುವೆಯೇ ಒಂದು ದಿನ ಎದೆ ಹಿಡ್ಕೊಂಡು ಕೂತವರು ಮತ್ತೆ ಏಳಲಿಲ್ಲ. ಎಂಟು ತಿಂಗಳಾಗಿತ್ತು. ಅವರ ಕೈಯ ಫಿಲ್ಮು ಉಳಿದಿದ್ದು ಒಂದೇ, ಉಗುರಗಲದ್ದು. ಅದು ಇವಳ ಜೇಬಿನ ಡಬ್ಬೀಲಿತ್ತು. ಪದರಣ್ಣ ಅಳೆದಿದ್ದ ಅದೇ ಯಂತ್ರ ಇವಳಿಗೆ ಸಿಕ್ಕಿದ್ದು ಆ ಒಂದು ರಾತ್ರಿಗೆ.

ಮಗು ಮಲಗಿತ್ತೇನೋ, ಅತ್ತಿಗೆ ಪಿಸುಗುಟ್ಟಿದ್ರು. “ಅವರು ಸುಳ್ಳು ಹೇಳಿಲ್ಲ ಅಂತ ಒಂದ್ಸಲ ತೋರಿಸಿಬಿಡು ಕಣೇ. ಅಷ್ಟೇ ಸಾಕು.”

“ಹೂಂ ಅತ್ತಿಗೆ,” ಅಂದ್ಲು. ಬಾವಿಯೊಳಗಿಂದಲೂ ಒಂದು ಹೂಂ ಬಂತು. ಪ್ರತಿಧ್ವನಿ ಇರಬೇಕು ಅಂದುಕೊಂಡ್ಲು... ತಗಡು ಮುಚ್ಚಿದ ಬಾವಿ. ತಿರುಗಿ ನೋಡದೆ ಸರಸರ ನಡೆದ್ಲು.

ಆ ಕಟ್ಟಡದೊಳಗೆ ಉಂಗುರದ ಥರ ಒಂದು ಭಾರಿ ಕೊಳವೆ. ಅದರಲ್ಲಿ ಎಲೆಕ್ಟ್ರಾನುಗಳು ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲಿ ಸುತ್ತುತ್ತಾ, ತಿರುವಿನಲ್ಲೆಲ್ಲ ಎಕ್ಸ್‌-ರೇ ಚೆಲ್ಲುತ್ತವೆ. ಆ ಕಿರಣಕ್ಕೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಚು ಕೊಟ್ಟು ಫಿಲ್ಮಿನ ಮೇಲೆ ಬಿಡೋದು. ಲೋಹಕ್ಕೆ ತಕ್ಕ ಕಿರಣ ಆರಿಸಿಕೊಂಡ್ರೆ ಒಂದೊಂದು ಪದರವನ್ನೂ ಬೇರೆಯಾಗಿ ಮಾತಾಡಿಸಬಹುದು. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದ್ರೆ ಪರದೆ ಮೇಲಿನ ಗೆರೆಯಲ್ಲಿ ಒಂದು ಉಬ್ಬು ಏಳುತ್ತೆ, ಅದೇ ಅಯಸ್ಕಾಂತದ ಗುರುತು. ಇದೆಲ್ಲ ನಡೆಯೋದು ಸೀಸದ ಗೋಡೆಯ ಕೋಣೆಯಲ್ಲಿ. ಕಿರಣ ಬಿಟ್ಟಾಗ ಒಳಗೆ ಒಂದು ನರಪಿಳ್ಳೆಯೂ ಇರಬಾರದು. ಅವಳು ಮೂಲೆ ಮೂಲೆ ನೋಡಿ, ಯಾರಾದ್ರೂ ಇದ್ದೀರಾ ಅಂತ ನಿಯಮದ ಪ್ರಕಾರ ಕೂಗಿ, ಹೊರಗೆ ಬಂದು ಬಾಗಿಲು ಹಾಕಿದ್ಲು. ಬೀಗ ಠಕ್ ಅಂತ ಬಿತ್ತು.

ಮೂರು ಗಂಟೆಗೆ ಆ ಮಧ್ಯದ ಲೋಹದ ಗೆರೆಯಲ್ಲಿ ಉಬ್ಬು ಎದ್ದಿತು. ಪದರಣ್ಣ ಬರೆದಿದ್ರಲ್ಲ, ಅದೇ ಜಾಗ, ಅದೇ ಎತ್ತರ. ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂತು. ‘ಬಂತು’ ಅಂತ ಅತ್ತಿಗೆಗೆ ಒಂದೇ ಪದದ ಮೆಸೇಜು ಹಾಕಿದ್ಲು.

ಆಮೇಲೆ ಶುರುವಾಯ್ತು ನೋಡಿ, ತಳಮಳ. ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಫಿಲ್ಮಿನ ಪಕ್ಕದ ದೊಡ್ಡ ಅಯಸ್ಕಾಂತದ ದಿಕ್ಕು ತಿರುಗಿಸಿ ಮತ್ತೆ ಅಳೀಬೇಕು. ಉಬ್ಬು ತಲೆಕೆಳಗಾದ್ರೆ ನಿಜ. ಆಗದೆ ಹೋದ್ರೆ ಅದು ಕಿರಣದ್ದೇ ಊನ, ಫಿಲ್ಮಿಂದಲ್ಲ. ಪದರಣ್ಣ ಅಳತೆ ಬರೆದಿಡ್ತಿದ್ದ ಪುಸ್ತಕದಲ್ಲಿ ಹಾಗೆ ತಿರುಗಿಸಿದ ಗುರುತೇ ಇರಲಿಲ್ಲ. ಅವತ್ತು ಹೊತ್ತು ಸಾಲದೆ ಹೋಗಿರಬೇಕು, ಪಾಪ. ತಿರುಗಿಸೋ ಹಿಡಿ ಇದ್ದದ್ದು ಆ ಕೋಣೆಯೊಳಗೆ, ಹಳೇ ಕಾಲದ್ದು, ಕೈಯಲ್ಲೇ ತಿರುಗಿಸಬೇಕು. ಎದ್ದು ಹೋದ್ರೆ ಕಾಲು ಗಂಟೆ ಕೆಲಸ. ಅವಳು ಏಳಲಿಲ್ಲ. ಬಂದದ್ದು ಬಂತು, ಇನ್ಯಾಕೆ ಕೆದಕೋದು ಅಂತ, ಹಾಗೇ ಇನ್ನೂ ಐದು ಸಲ ಅಳೆಯೋಕೆ ಯಂತ್ರಕ್ಕೆ ಹೇಳಿ ಕೂತ್ಲು. ಕಾಲು ಮಾತ್ರ ಸುಮ್ಮನಿರದೆ ಕುಣೀತಾನೇ ಇತ್ತು.

ಪಂಪು ಗುಂಯ್ ಅಂತಿತ್ತು. ತಂಪು ನೀರಿನ ಕೊಳವೆ ಗುಳು ಗುಳು. ಮೊದಲ ಗೆರೆ ಮುಗೀತು. ಆಗ... ಗೋಡೆಯ ಆಚೆಯಿಂದ...

ಕಟಕ್.

ಹಿಡಿ ತಿರುಗಿದ ಸದ್ದು. ಪರದೆ ನೋಡ್ತಾಳೆ, ಅಯಸ್ಕಾಂತದ ಅಂಕಿ ಪ್ಲಸ್ ಇದ್ದದ್ದು ಮೈನಸ್ ಆಗಿದೆ.

ಒಳಗೆ ಕ್ಯಾಮೆರಾ ಇಲ್ವಾ ಅಂತೀರಿ. ಇದೆ. ಅದು ನೋಡೋದು ಉಗುರಗಲದ ಫಿಲ್ಮನ್ನ ಮಾತ್ರ.

ಎರಡನೇ ಗೆರೆ ನೋಡಿದ್ಲು. ಬಂತು... ಬಂತು... ಉಬ್ಬು ತಲೆಕೆಳಗಾಗಲಿಲ್ಲ. ಮೇಲಕ್ಕೇ ನಿಂತಿತ್ತು. ಗೆರೆ ಮುಗಿಯೋ ತನಕ ಒಳಗೆ ಸದ್ದಿಲ್ಲ. ಮುಗಿದ ತಕ್ಷಣ ಮತ್ತೆ ಕಟಕ್. ಆಮೇಲೆ ಬೆರಳ ಗೆಣ್ಣಿಂದ ಕಬ್ಬಿಣದ ಮೇಲೆ... ಟೊಕ್ ಟೊಕ್. ಹಿಡಿ ಸರಿಯಾಗಿ ಕೂತಿದೆಯಾ ಅಂತ ಹಾಗೆ ತಟ್ಟಿ ನೋಡ್ತಿದ್ದವರು ಒಬ್ಬರೇ.

“ಅಣ್ಣಾ...” ಗೋಡೆ ಹತ್ತಿರ ಹೋಗಿ ಪಿಸುಗುಟ್ಟಿದ್ಲು. “ಬೇಡ ಅಣ್ಣಾ. ಅತ್ತಿಗೆಗೆ ಆಗಲೇ ಹೇಳಿಬಿಟ್ಟಿದ್ದೀನಿ.”

ಮೂರನೇ ಗೆರೆಯೂ ಮುಗೀತು...

ಕಟಕ್. ಟೊಕ್ ಟೊಕ್.

ಒಟ್ಟು ನಾಲ್ಕು ಸಲ. ಒಂದೊಂದು ಗೆರೆಯೂ ಪೂರ್ತಿ ಮುಗಿಯೋ ತನಕ ಕಾದು, ಒಂಚೂರೂ ಅವಸರ ಇಲ್ಲದೆ. ನಾಲ್ಕು ಸಲವೂ ಉಬ್ಬು ಮಗುಚಲಿಲ್ಲ. ಊನ ಕಿರಣದ್ದೇ. ಅವಳು ಮುಖ ಮುಚ್ಕೊಂಡು ಅತ್ತುಬಿಟ್ಲು.

ಅಷ್ಟರಲ್ಲಿ ಎಚ್ಚರಿಕೆ ಗಂಟೆ ಟ್ರಿಣ್ ಅಂತ ಬಡ್ಕೊಳ್ತು. ಕಿರಣ ತಡೆಯೋ ಕದ ಧಡ್ ಅಂತ ಬಿತ್ತು. ಬಾಗಿಲು ತೆಗೆದ್ರೆ ಮಾತ್ರ ಹಾಗಾಗೋದು. ತಲೆ ಎತ್ತಿ ನೋಡಿದ್ಲು. ಬಾಗಿಲು ನಾಲ್ಕು ಬೆರಳಷ್ಟು ತೆರೆದಿತ್ತು. ಕಾದ್ಲು... ಯಾರೂ ಬರಲಿಲ್ಲ. ಒಳಗೆ ದೀಪ ಉರೀತಿತ್ತು, ಅಲ್ಲೂ ಯಾರೂ ಇರಲಿಲ್ಲ.

ಬೆಳಗ್ಗೆ ಆರಕ್ಕೆ ಅತ್ತಿಗೆಗೆ ಫೋನ್ ಮಾಡಿ, ಆ ಸದ್ದಿನ ವಿಷಯ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ಲು. ಅಣ್ಣ ಅಳೆದಾಗಲೂ ಈ ಉಬ್ಬು ಬಂದಿರಲೇಬೇಕು, ಅವರು ಅಂಕಿ ತಿದ್ದಿಲ್ಲ. ಆದ್ರೆ ಅದು ಅಯಸ್ಕಾಂತ ಅಲ್ಲ, ಹಾಗಂತ ತಿಳಿದದ್ದು ತಪ್ಪು. ಅತ್ತಿಗೆ ಕೇಳಿದ್ದು ಇಷ್ಟೇ.

“ತಪ್ಪು ತಾನೇ? ಸುಳ್ಳಲ್ಲ ತಾನೇ?”

“ಸುಳ್ಳಲ್ಲ ಅತ್ತಿಗೆ.”

“ಹಾಗಾದ್ರೆ ಇದನ್ನೂ ಬರೆದು ಹಾಕು. ಇದ್ದಿದ್ರೆ ಅವರೇ ತಿದ್ದಿರೋರು.”

ಇವಳು ಏನಂತ ಹೇಳ್ತಾಳೆ? ಹೂಂ ಅಂದ್ಲು, ಅಷ್ಟೇ. ಆ ತಿದ್ದುಪಡಿ ಪ್ರಕಟ ಆಗಿದೆ, ಪದರಣ್ಣನ ಹೆಸರೇ ಮೊದಲು. ಗುಸುಗುಸು ಅಂದವರ ಬಾಯಿ ಮುಚ್ಚಿದೆ.

ಇವಳಿಗೆ ನಿದ್ದೆಗಣ್ಣಿನ ಭ್ರಮೆ ಅಂತೀರಾ? ಅನ್ನಿ, ನನಗೇನು. ಆದ್ರೆ ಆ ಬಾಗಿಲು ಯಾವಾಗ, ಹೇಗೆ ತೆಗೀತು ಅಂತ ಯಂತ್ರ ತಾನೇ ಬರೆದಿಡುತ್ತೆ. ಸುರಕ್ಷತೆ ನೋಡ್ಕೊಳ್ಳೋ ಅಧಿಕಾರಿ, ಮಹಾ ಶಿಸ್ತಿನ ಮನುಷ್ಯ, ಕಿರಣ ಬಿಟ್ಟಿರುವಾಗ ಬಾಗಿಲು ತೆಗೆದಿದ್ದಾಳೆ ಅಂತ ಬೈಯೋಕೆ ಬಂದವರು ಆ ದಾಖಲೆ ತೆಗೆಸಿ ನೋಡಿ ಹಾಗೇ ಕೂತುಬಿಟ್ರು. ಆ ಕಾಗದ ನಾನೂ ಕಣ್ಣಾರೆ ನೋಡಿದ್ದೀನಿ. ಹೊರಗಡೆಯಿಂದ ಯಾರೂ ಮುಟ್ಟಿಲ್ಲ. ನಾಲ್ಕು ಗಂಟೆ ನಲವತ್ತೊಂದು ನಿಮಿಷಕ್ಕೆ, ಒಳಗಿನ ಗುಂಡಿ ಒತ್ತಿ ಬಾಗಿಲು ತೆಗೆದಿದ್ದಾರೆ.