ಸಿಂದಗಿ ಹಿತ್ತಲದ ಲಿಂಬಿ ಗಿಡ

...ಆಸಿಡ್ ಅಂದ್ಯಾ? ಇನ್ನೊಮ್ಮಿ ಅನ್ನು ನೋಡೂಣು. ಹೊಸ ಮನಿಗಿ ಬಂದು ಇನ್ನಾ ತಿಂಗಳಾಗಿಲ್ಲ, ಬಾಜೂ ಮನಿ ನುಗ್ಗಿ ಗಿಡದ ಎಲಿ ನಮ್ಮ ಅಂಗಳದಾಗ ಬೀಳ್ತಾವಂತ ಅದರ ಬುಡಕ್ಕ ಆಸಿಡ್ ಹಾಕ್ತಾಳಂತ ನನ್ನ ಮೊಮ್ಮಗಳು! ಕುಂದ್ರು ಇಲ್ಲೆ. ಆ ಕಸಬರಿಗಿ ಕೆಳಗಿಡು. ಇದನ್ನ ನಾ ನಿಮ್ಮವ್ವಗ ಹೇಳಿಲ್ಲ, ನಿಮ್ಮ ಮುತ್ಯಾಗೂ ಹೇಳಿಲ್ಲ. ಆಂವಾ ಹಂಗ ಹೋಗಿಬಿಟ್ಟ.

ನಾವು ಅಗರಖೇಡ ಬಿಟ್ಟು ಸಿಂದಗಿಗಿ ಬಂದಾಗ ನಿಮ್ಮವ್ವ ಮೂರನೇ ಇಯತ್ತೆ, ಅಲ್ಲ, ನಾಕನೇದು, ಇರ್ಲಿ ಬಿಡು. ನಿಮ್ಮ ಮುತ್ಯಾಗ ಅಲ್ಲಿ ದನದ ದವಾಖಾನ್ಯಾಗ ಕೆಲಸ ಹತ್ತಿತ್ತು. ಬಾಡಗಿ ಮನಿ ಸಿಕ್ತು. ಸಿಕ್ತಂದ್ರ ಏನ್ ಸಿಕ್ತು, ವರ್ಷಾನಗಟ್ಲೆ ಬೀಗ ಬಿದ್ದದ್ದು. ಹಿತ್ತಲದಾಗ ಆಳೆತ್ತರ ಬಳ್ಳಾರಿ ಜಾಲಿ, ಒಡದ ಬಾಟ್ಲಿ, ಓಣ್ಯಾನವ್ರು ಒಗದ ಹೊಲಸು. ಮನಿ ಒಡತಿ ಗೌರವ್ವ ಅಂತ, ಮ್ಯಾಲಿನ ಓಣ್ಯಾಗ ದೊಡ್ಡ ಮನ್ಯಾಗ ಇರ್ತಿದ್ಲು. ಆಕಿ ಮೂಗಿಗಿ ಸೆರಗ ಹಿಡ್ಕೊಂಡು ಬಾಗಲದಾಗ ನಿಂತು ಅಂದ್ಲು, 'ಹಿತ್ತಲಾ ಹಸನ ಮಾಡ್ಕೋರವ್ವಾ, ನೀವು ಬೆಳದದ್ದು ನಿಮ್ಮದ. ಇರೂಮಟಾ ಇರ್ರಿ, ಏಳ್ರಿ ಅಂತ ಯಾರಂತಾರ?' ನಾ ನಂಬಿದ್ನಿ. ನಿಮ್ಮ ಮುತ್ಯಾ ಕೆಲಸಕ್ಕ ಹೋದಮ್ಯಾಲೆ ಕೊಡ್ಲಿ ಹಿಡ್ಕೊಂಡು ನಿಂದರೂಕಿ. ಒಂದ ಜಾಲಿ ಮುಳ್ಳು ಹಿಮ್ಮಡದಾಗ ಮುರದು ಕೀವಾಗಿ ಡಾಕ್ಟರು ಕೊಯ್ದು ತಗದ್ರು, ಇಪ್ಪತ್ತ ದಿನಾ ಕುಂಡಿ ಮ್ಯಾಲೆ ಸರದಾಡೀನಿ. ನಗಬ್ಯಾಡ. ಜಾಲಿ ಹೋತು, ಕೆಳಗ ನೋಡಿದ್ರ ಬರೇ ಗರಸು, ಹಾರಿ ಬಡದ್ರ ಕಿಡಿ ಹಾರೂದು. ಕೆರಿ ಮಣ್ಣು ಬುಟ್ಟೀಲೆ ಹೊತ್ತು ಹಾಕೀನಿ, ಗೊತ್ತೇನು, ಬುಟ್ಟೀಲೆ. ತವರಮನಿಯಿಂದ ಒಂದ ಲಿಂಬಿ ಸಸಿ ತಂದ್ನಿ, ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟ್ಕೊಂಡು. ಬೋರಿಂಗ ಕೈಯಿಂದ ಜಗ್ಗಿ ಜಗ್ಗಿ ದಿನಾ ಎರಡ ಕೊಡ ನೀರು. ಬ್ಯಾಸಗ್ಯಾಗ ಅಕ್ಕಿ ತೊಳದ ನೀರು, ಮೈ ತೊಳದ ನೀರು ಸೈತ ಅದಕ್ಕ.

ಐದನೇ ವರ್ಷಕ್ಕ ಕಾಯಿ ಹಿಡೀತು ನೋಡವ್ವಾ, ಟೊಂಗಿ ನೆಲಕ್ಕ ಹತ್ತೂವಂಗ. ಅವತ್ತು ಗೌರವ್ವ ಬಂದ್ಲು. ನಾನ ಕುರ್ಚಿ ಹಾಕಿದ್ನಿ, ಚಹಾ ಕೊಟ್ನಿ. ಆಕಿ ಒಂದ ಹಣ್ಣ ಹರದು ಮೂಸಿ ನೋಡಿ, 'ಬರೂ ಅಮಾಸಿಗಿ ಮನಿ ಖಾಲಿ ಮಾಡ್ರಿ. ನಮ್ಮವ್ರಿಗಿ ಬೇಕಾಗೇತಿ' ಅಂದ್ಲು.

'ಅವ್ವಾರ, ಬೆಳದದ್ದು ನಿಮ್ಮದ ಅಂತ ನೀವ ಅಂದಿದ್ರೆಲ್ಲಾ?'

'ಹಂಗಾರ ಕಿತ್ತಕೊಂಡು ಹೋಗು. ಉಡ್ಯಾಗ ಹಿಡಿತೈತೇನು ನೋಡು' ಅಂತ ನಕ್ಕಳು. 'ನೆಲದ ಉತಾರಾ ಕಾಗದ ನಮ್ಮ ಹೆಸರಲೆ ಐತಿ ತಂಗಿ. ಬೆವರಿಗಿ ಉತಾರಾ ಇರಂಗಿಲ್ಲ.'

ನಿಮ್ಮ ಮುತ್ಯಾಗ ಹೇಳಿದ್ನಿ. 'ಮನಿ ಅವರದು, ಹೋಗೂಣು' ಅಂದು ಉಣ್ಣಾಕ ಕುಂತ. ಅಷ್ಟ. ನನ್ನ ಹೊಟ್ಯಾಗಿನ ಬೆಂಕಿ ಯಾರಿಗಿ ತೋರಿಸ್ಲಿ?

ಖಾಲಿ ಮಾಡೂ ಹಿಂದಿನ ದಿನ ಮಧ್ಯಾಹ್ನ, ಮನ್ಯಾಗ ಯಾರೂ ಇಲ್ಲ. ಹಂಡೇದ ತುಂಬ ನೀರು ಕಾಸಿದ್ನಿ, ಕುದಿಯೂಮಟಾ ಕಾಸಿದ್ನಿ, ಎರಡ ಸೇರ ಉಪ್ಪ ಸುರದ್ನಿ. ಬುಡದ ಮಣ್ಣ ಕೆದರಿ ಬೇರ ಕಾಣೂವಂಗ ಮಾಡಿ, ಚರಗಿಲೆ ಚರಗಿಲೆ ಹಾಕಿದ್ನಿ. ಬಿಸಿ ಮಣ್ಣಿನ ವಾಸನಿ ಬಂತು. ಖರೇ ಹೇಳ್ತೇನಿ, ನನಗ ಸಂತೋಷಾತು. ಆಮ್ಯಾಲೆ ಮಣ್ಣ ಮುಚ್ಚಿ ಕಸ ಹೊಡದ್ನಿ. ಗಿಡ ಒಮ್ಮೆಲೆ ಸಾಯಂಗಿಲ್ಲ. ಮರದಿನ ಕೀಲಿ ಇಸಕೊಳ್ಳಾಕ ಗೌರವ್ವ ಬಂದಾಗ ಹಚ್ಚಗ ನಿಂತಿತ್ತು. 'ಗಿಡಾ ಛಲೋ ಬೆಳಿಸೀದಿ ನೋಡು' ಅಂದ್ಲು. ನಾ ಹೂಂ ಅಂದ್ನಿ.

ನಾವು ಹಿಂದಿನ ಓಣಿಗಿ ಹೋದ್ವಿ. ಗೌರವ್ವನ ಮಗನೋ ಸೊಸಿನೋ ಬಂದಿರಬೇಕು, ಉರಕೊಳ್ಳಲಿ ಅಂತ ನಾ ಇದ್ನಿ. ತಿಂಗಳೊಪ್ಪತ್ತಿನ ಮ್ಯಾಲೆ ಜ್ವಾಳಾ ಬೀಸಾಕ ಗಿರಣಿಗಿ ಹೊಂಟಿದ್ನಿ, ಆ ಮನಿ ಮುಂದ ಒಬ್ಬಾಕಿ ಓಡಿ ಬಂದು ಕೈ ಹಿಡದ್ಲು. ಗೌರವ್ವನ ಮಗಳು ಸುವರ್ಣಾ. ಗಂಡ ಹೊಡದು ಹೊರಗ ಹಾಕಿದ್ದ, ಕಂಕುಳಾಗ ಹೆಣ್ಣ ಕೂಸು. ಅಣ್ಣಗೋಳು ದೊಡ್ಡ ಮನಿ ಹೊಸ್ತಲಾ ದಾಟಸಲಿಲ್ಲಂತ. ಅವ್ವ ಗಂಡಮಕ್ಕಳ ಜೋಡಿ ಜಗಳಾಡಿ ಇದೊಂದು ಮನಿ ಬಿಡಿಸಿ ಕೊಟ್ಟಾಳ, ಇನ್ನ ನಿನ್ನ ಹೊಟ್ಟಿ ನೀ ನೋಡ್ಕೋ ಅಂದಾಳ. ಕೇಳಿ ನಾ ಜ್ವಾಳದ ಡಬ್ಬಿ ಕೆಳಗಿಟ್ನಿ.

'ಅಕ್ಕಾರ, ಲಿಂಬಿ ಗಿಡ ಎಲಿ ಉದರಸಾಕತ್ತೈತ್ರಿ. ಉಪ್ಪಿನಕಾಯಿ ಹಾಕಿ ಮಾರೂಣಂತ ಭರಣಿ ತಂದಿಟ್ಟೀನಿ. ನೀವ ಬೆಳಿಸಿದವ್ರು, ನಿಮಗ ಗೊತ್ತಿರ್ತೈತಿ, ಏನ್ ಮಾಡ್ಲಿ ಹೇಳ್ರಿ?'

ಹೇಳಬೇಕಿತ್ತು. ಬಾಯಿಗಿ ಬಂದಿತ್ತು ಖರೇವಂದ್ರೂ. ಆದ್ರ ನಾ ಏನಂದ್ನಿ ಗೊತ್ತೇನು? 'ಸಗಣಿ ಗೊಬ್ಬರಾ ಹಾಕು, ದಿನಾ ಎರಡ ಕೊಡ ನೀರ ಹಾಕು, ಚಿಗೀತೈತಿ' ಅಂದ್ನಿ. ಅಂದು ಜ್ವಾಳದ ಡಬ್ಬಿ ಎತ್ಕೊಂಡು ನಡದ್ನಿ.

ಆಕಿ ಹಾಕಿದ್ಲವ್ವಾ. ಇಡೀ ಬ್ಯಾಸಗಿ ಹಾಕಿದ್ಲು. ಕೂಸಿನ್ನ ನೆಲಕ್ಕ ಬಿಟ್ಟು ಬೋರಿಂಗ ಜಗ್ಗೂದು, ಕೊಡ ಹೊರೂದು, ಸತ್ತ ಗಿಡಕ್ಕ ಸುರಿಯೂದು. ಗಿರಣಿಗಿ ಹೋಗ್ತಾ ಬರ್ತಾ ಗ್ವಾಡಿ ಮ್ಯಾಲಿಂದ ನೋಡೂಕಿ ನಾನು. ಒಂದಿನ ತೊಗಟಿ ಉಗರಲೆ ಕೆರದು, 'ಅಕ್ಕಾರ, ಒಳಗ ಹಸರೈತಿ ನೋಡ್ರಿ' ಅಂದ್ಲು. ಹಸರಿರಲಿಲ್ಲ. ನಾ 'ಹೌದು, ಐತಿ' ಅಂದ್ನಿ. ಮಳಿಗಾಲ ಬಂದ್ರೂ ಚಿಗೀಲಿಲ್ಲ. ಕಡೀಕ ಆಕಿ ತಾನ ಗಿಡಾ ಕಡದು ಒಲಿಗಿ ಹಾಕಿ, ಹಾಸ್ಟೆಲಿನ್ಯಾಗ ರೊಟ್ಟಿ ಬಡಿಯಾಕ ಹೋದ್ಲು. ಬೆಂಕಿ ಮುಂದ ಕುಂತು ಕುಂತು ಕಣ್ಣ ಹಾಳಾದ್ವು. ಈಗೂ ನನ್ನ ದನಿ ಕೇಳಿದ್ರ, 'ಅಕ್ಕಾರ, ನೀವೊಬ್ರ ನನಗ ಬುದ್ಧಿ ಹೇಳಿದವ್ರು' ಅಂತಾಳ. ಗೌರವ್ವ? ಆಕಿಗೇನಾತು, ಹುಲಿಯಂಗ ಬದುಕಿ ಮೆತ್ತನ ಹಾಸಿಗ್ಯಾಗ ಸತ್ಲು.

ಸಿಟ್ಟ ಬಂದ್ರ ಬಾಯಿಲೆ ಬೈ, ಎದುರ ನಿಂತು ಬೈ, ಕೈಲೆ ಏನೂ ಮಾಡಬ್ಯಾಡ. ಬೈದದ್ದು ಮುಂದ ನಿಂತವ್ರಿಗಿ ಹತ್ತತೈತಿ, ಮಾಡಿದ್ದು ಯಾರಿಗಿ ಹತ್ತತೈತೋ ಗೊತ್ತಿರಂಗಿಲ್ಲ. ಏಳಿನ್ನ, ಹಾಲು ಉಕ್ಕಾಕತ್ತೈತಿ.